ಕಚ್ಚಿಕೊಂಡ ಬೋಲ್ಟಿಗೆ ಬಿಸಿನೀರು

2005, 2019 ಮತ್ತು 2021ರಲ್ಲಿ ಕೃಷ್ಣೆಗೆ ಮಹಾಪೂರ ಬಂದಾಗ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನದಿದಂಡೆಯ ಜನ ಊರು ಬಿಡಬೇಕಾಯಿತು. ನಿಪ್ಪಾಣಿ ಕಡೆಗೆ ವೇದಗಂಗೆ, ದೂಧಗಂಗೆಯರ ಕಾಟ. ಇಂಥ ವೇಳೆ ಆಸರೆಯಾಗುವುದು ಹಿಂಬದಿಗೆ ಮೋಟರು ಕಟ್ಟಿದ ದೋಣಿ. ವರ್ಷವಿಡೀ ಮೂಲೆಯಲ್ಲಿದ್ದ ಆ ಮೋಟರಿನ ಒಂದು ಬೋಲ್ಟು ಕಚ್ಚಿಕೊಂಡರೂ ದುರಸ್ತಿ ಅಲ್ಲಿಗೇ ನಿಂತಿತು!

ಮೋಟರಿನ ಮೈ ಅಲ್ಯುಮಿನಿಯಂ ಮಿಶ್ರಲೋಹದ್ದು, ಬೋಲ್ಟು ಉಕ್ಕಿನದು. ನಡುವೆ ತೇವ ಸೇರಿದರೆ ಅದೊಂದು ಪುಟ್ಟ ವಿದ್ಯುತ್‌ಕೋಶವೇ ಸರಿ. ಅಲ್ಯುಮಿನಿಯಂ ಸವೆದು, ಬಿಳಿ ಪುಡಿಯಾಗಿ ತಿರುಪಿನ ಸಂದುಗಳಲ್ಲಿ ಬಿಗಿಯುತ್ತದೆ. ಪಾನಾ ಹಾಕಿ ಜೋರು ಮಾಡಿದರೆ ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ, ಉಳಿದದ್ದು ಒಳಗೇ.

ಇಲ್ಲಿ ಶಾಖ ನೆರವಿಗೆ ಬರುತ್ತದೆ. 1 ಮೀಟರು ಸಲಾಕೆಯ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಏರಿದರೆ ಉಕ್ಕು ಸುಮಾರು 1.2 ಮಿ.ಮೀ., ಅಲ್ಯುಮಿನಿಯಂ 2.3 ಮಿ.ಮೀ. ಹಿಗ್ಗುತ್ತದೆ. ಹಾಗಾದರೆ ತೂತು ಕಿರಿದಾಗದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಇಲ್ಲ, ತೂತೂ ದೊಡ್ಡದಾಗುತ್ತದೆ. ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿಯೇ ಏರಿಸುತ್ತಿದ್ದುದನ್ನು ಮನೆಯ ಹಿರಿಯರು ಕಂಡಿರುತ್ತಾರೆ. ಬೋಲ್ಟಿಗಿಂತ ತೂತು ಕೂದಲೆಳೆಗಿಂತ ಕಡಿಮೆ ಹಿಗ್ಗಿದರೂ ಹಿಡಿತ ಸಡಿಲಾಗಲು ಅಷ್ಟು ಸಾಕು.

ಪೆಟ್ರೋಲ್ ಟ್ಯಾಂಕು ಕಳಚಿ ದೂರವಿಟ್ಟು, ಬೆಂಕಿಯ ಬದಲು ಕುದಿಯುವ ನೀರು ಸುರಿಯುವುದು ಕ್ಷೇಮ. (ಇದು ದೊಡ್ಡವರ ಕೆಲಸ, ಹುಡುಗರು ನೋಡಲಿ.) ತುಸು ಹಿಂದೆ, ತುಸು ಮುಂದೆ ತಿರುವುತ್ತ ಬಿಚ್ಚಬೇಕು. ಹೊಸ ಬೋಲ್ಟಿಗೆ ಗ್ರೀಸು ಸವರುವುದನ್ನು ಮಾತ್ರ ಮಳೆಗಾಲಕ್ಕೆ ಮುಂಚೆಯೇ ಮುಗಿಸಬೇಕು.