‘ಕನ್ನಡ’ದ ಒತ್ತು ಎಲ್ಲಿ ಹೋಯ್ತು?

ಮಕ್ಕಳೇ, ಒಂದು ಬಿಳಿ ಹಾಳೆಯ ಮೇಲೆ ಕಪ್ಪು ಮಾರ್ಕರ್‌ನಲ್ಲಿ ದಪ್ಪಗೆ ‘ಕನ್ನಡ’ ಎಂದು ಬರೆಯಿರಿ. ಫೋನಿನಲ್ಲಿ ಅದರ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ, ಫೋಟೋಶಾಪ್‌ನಲ್ಲಿ ತೆರೆಯಿರಿ. ಮ್ಯಾಜಿಕ್ ವಾಂಡ್ ಟೂಲ್ ಹಿಡಿದು ‘ಕ’ ಮೇಲೆ ಕ್ಲಿಕ್ ಮಾಡಿ. ಶಿಫ್ಟ್ ಕೀ ಒತ್ತಿಕೊಂಡು ‘ನ’ ಮೇಲೆ, ಆಮೇಲೆ ‘ಡ’ ಮೇಲೆ ಕ್ಲಿಕ್ ಮಾಡಿ. ಮೂರೂ ಅಕ್ಷರಗಳ ಸುತ್ತ ಚುಕ್ಕಿ ಗೆರೆ ಓಡಾಡುತ್ತೆ. ಈಗ ಕಾಪಿ ಮಾಡಿ, ರಾಜ್ಯೋತ್ಸವಕ್ಕೆ ಮಾಡಿಟ್ಟ ಅರಿಶಿನ-ಕುಂಕುಮ ಬಣ್ಣದ ಬಾವುಟದ ಮೇಲೆ ಅಂಟಿಸಿ. ಜೋರಾಗಿ ಓದಿ ನೋಡೋಣ.

‘ಕನಡ’!

ಒತ್ತು ಹಾಳೆಯಲ್ಲೇ ಉಳಿದುಬಿಟ್ಟಿತು. ಕೈಬರಹದ ಶೀರ್ಷಿಕೆ ಕತ್ತರಿಸುವಾಗ ಇದು ತುಂಬಾ ಸಾಮಾನ್ಯ. ಅಮ್ಮ ‘ಅಮ’ ಆಗ್ತಾಳೆ, ಹಬ್ಬ ‘ಹಬ’ ಆಗುತ್ತೆ. ‘ಧನ’ ಎಂದು ಬರೆದಾಗ ಹೊಟ್ಟೆ ಸೀಳಿದ ಗೆರೆ ಅಕ್ಷರಕ್ಕೆ ತಾಗದೇ ಇದ್ದರೆ ಅದೂ ಉದುರಿಹೋಗಿ, ದುಡ್ಡಿನ ಜಾಗದಲ್ಲಿ ದನ ಬಂದು ನಿಂತಿರುತ್ತೆ. ನಗು ಬರುತ್ತೆ, ನಿಜ. ಆದರೆ ಧಾರವಾಡದಲ್ಲೋ ಮೈಸೂರಿನಲ್ಲೋ ಬೆಳೆಯುವ ಮಗು ‘ಕನಡ’ ನೋಡಿದ ಕೂಡಲೇ ‘ಇದು ತಪ್ಪು’ ಅನ್ನುತ್ತೆ. ಲಾಸ್ ಏಂಜಲಿಸ್‌ನಲ್ಲಿ, ಸ್ಯಾನ್ ಡಿಯಾಗೋದಲ್ಲಿ ವಾರಕ್ಕೆ ಒಂದೇ ದಿನ ಕೂತು ಒತ್ತಕ್ಷರ ಕಲಿಯುವ ಮಗುವಿಗೆ, ಪತ್ರಿಕೆಯಲ್ಲಿ ಅಚ್ಚಾಗಿ ಬಂದದ್ದೇ ಸರಿ ಅನ್ನಿಸಬಹುದು. ಹಾಗಾಗಿ ಈ ಟೂಲಿನ ನಾಲ್ಕಾರು ಸೆಟ್ಟಿಂಗ್‌ಗಳನ್ನು ಸ್ವಲ್ಪ ಬಿಡಿಸಿ ನೋಡೋಣ.

ವಾಂಡ್‌ಗೆ ಅಕ್ಷರ ಗೊತ್ತಿಲ್ಲ

ಕಂಪ್ಯೂಟರಿಗೆ ಚಿತ್ರ ಅಂದರೆ ಚುಕ್ಕಿಗಳ ಮೊತ್ತ. ಪಿಕ್ಸೆಲ್ ಅಂತೀವಲ್ಲ, ಅದೇ. ಒಂದೊಂದು ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಎಂದು ಮೂರು ಅಂಕಿ. ಪ್ರತಿಯೊಂದೂ 0ಯಿಂದ 255ರ ತನಕ. ಮೂರೂ 0 ಇದ್ದರೆ ಅಚ್ಚ ಕಪ್ಪು, ಮೂರೂ 255 ಇದ್ದರೆ ಅಚ್ಚ ಬಿಳಿ. ನೀವು ಕ್ಲಿಕ್ ಮಾಡಿದ ಪಿಕ್ಸೆಲ್‌ನ ಅಂಕಿ ನೋಡಿ, ಅದಕ್ಕೆ ಹತ್ತಿರದ ಅಂಕಿ ಇರುವ ಪಿಕ್ಸೆಲ್‌ಗಳನ್ನು ವಾಂಡ್ ಆರಿಸುತ್ತೆ. ಅಷ್ಟೇ ಅದರ ಮಂತ್ರ. ಇದು ‘ನ’, ಇದು ಅದರ ಒತ್ತು, ಎರಡೂ ಸೇರಿದರೆ ‘ನ್ನ’ ಅನ್ನೋದು ನಿಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ.

ಒತ್ತು ಕಳೆದುಹೋಗಲು ಕಾರಣ ‘ಕಂಟಿಗ್ಯುಯಸ್’ ಎಂಬ ಒಂದು ಪುಟ್ಟ ಚೌಕ. ಪರದೆಯ ಮೇಲ್ಗಡೆ, ಆ ಟೂಲಿನ ಸೆಟ್ಟಿಂಗ್ ಸಾಲಿನಲ್ಲಿ ಇರುತ್ತೆ. ಅದಕ್ಕೆ ಟಿಕ್ ಹಾಕಿದ್ದರೆ ವಾಂಡ್ ಒಂದಕ್ಕೊಂದು ತಾಗಿಕೊಂಡಿರುವ ಪಿಕ್ಸೆಲ್‌ಗಳನ್ನು ಮಾತ್ರ ಆರಿಸುತ್ತೆ. ಆಟದ ಮೈದಾನದಲ್ಲಿ ಕಪ್ಪು ಅಂಗಿ ಹಾಕಿದವರು ಬನ್ನಿ ಅಂತ ಕರೆದು, ಕೈ ಕೈ ಹಿಡಿದು ನಿಂತವರನ್ನಷ್ಟೇ ಒಳಗೆ ಬಿಟ್ಟ ಹಾಗೆ. ಒತ್ತಕ್ಷರವೂ ಕಪ್ಪು ಅಂಗಿಯದೇ, ಆದರೆ ಅದು ಕೆಳಗೆ ಒಂಟಿಯಾಗಿ ನಿಂತಿದೆ. ಇಂಗ್ಲಿಷಿನಲ್ಲಿ ಹೀಗೆ ಕೈಬಿಟ್ಟು ನಿಲ್ಲೋದು ಸಣ್ಣ ‘ಐ’ ಮತ್ತು ‘ಜೆ’ ಮೇಲಿನ ಚುಕ್ಕಿ ಮಾತ್ರ. ನಮ್ಮಲ್ಲಿ ಒತ್ತುಗಳ ದೊಡ್ಡ ಸಂಸಾರವೇ ಇದೆ.

ಟಿಕ್ ತೆಗೆದು ಯಾವುದಾದರೂ ಒಂದು ಅಕ್ಷರದ ಮೇಲೆ ಮತ್ತೆ ಕ್ಲಿಕ್ ಮಾಡಿ. ಹಾಳೆಯಲ್ಲಿ ಎಲ್ಲೆಲ್ಲಿ ಕಪ್ಪು ಇದೆಯೋ ಎಲ್ಲಾ ಒಂದೇ ಏಟಿಗೆ ಬರುತ್ತೆ, ಒತ್ತೂ ಸಹ. ಹಾಳೆಯ ಮೂಲೆಯಲ್ಲಿ ಬಿದ್ದ ಇಂಕಿನ ಕಲೆಯೂ ಬರುತ್ತೆ ಅನ್ನಿ. ಅದನ್ನು ಆಮೇಲೆ ಆಲ್ಟ್ ಕೀ ಒತ್ತಿಕೊಂಡು ಲ್ಯಾಸೋ ಟೂಲಿನಿಂದ ಸುತ್ತು ಹಾಕಿ ಕಳೆಯಬಹುದು. ಮ್ಯಾಕ್ ಇರುವವರಿಗೆ ಅದು ಆಪ್ಷನ್ ಕೀ. ಗೆರೆ ಇರುವ ನೋಟ್‌ಬುಕ್ ಹಾಳೆ ಮಾತ್ರ ಬೇಡ.

ಕೆಲವರು ಉಲ್ಟಾ ದಾರಿ ಹಿಡೀತಾರೆ: ಬಿಳಿ ಹಾಳೆಯನ್ನು ಆರಿಸಿ ಅದನ್ನೇ ಅಳಿಸೋದು. ಇಲ್ಲಿ ಒತ್ತು ಕ್ಷೇಮ. ಆದರೆ ಅದೇ ಟಿಕ್ ಇದ್ದರೆ ‘ರಂಗೋಲಿ’ಯ ಸೊನ್ನೆಯೊಳಗೆ, ‘ಪಾಠ’ದ ‘ಠ’ ಒಳಗೆ ಬಿಳಿ ಹಾಗೇ ಉಳಿಯುತ್ತೆ. ಹೊರಗಿನ ಬಿಳಿಗೂ ಒಳಗಿನ ಬಿಳಿಗೂ ನಡುವೆ ಕಪ್ಪು ಗೋಡೆ ಇದೆಯಲ್ಲ!

ಎಷ್ಟು ಹತ್ತಿರದ ಬಣ್ಣ?

‘ಹತ್ತಿರದ ಅಂಕಿ’ ಅಂದೆವು. ಎಷ್ಟು ಹತ್ತಿರ ಅಂತ ಹೇಳೋದು ‘ಟಾಲರೆನ್ಸ್’ ಸೆಟ್ಟಿಂಗ್. ಫೋಟೋಶಾಪ್‌ನಲ್ಲಿ ಅದು ಮೊದಲಿಗೆ 32 ಇರುತ್ತೆ; 0ಯಿಂದ 255ರವರೆಗೆ ಬದಲಿಸಬಹುದು. ಕಡಿಮೆ ಇಟ್ಟರೆ ವಾಂಡ್ ತುಂಬಾ ಮಡಿ, ಸ್ವಲ್ಪ ಬಣ್ಣ ಬೇರೆಯಾದರೂ ಸೇರಿಸಲ್ಲ. ಜಾಸ್ತಿ ಇಟ್ಟರೆ ಯಾರು ಬಂದರೂ ಒಳಗೆ.

ನಮ್ಮೂರಿನ ಚಿತ್ರಗಳಲ್ಲೇ ಇದನ್ನು ನೋಡಬಹುದು. 1969ರಲ್ಲಿ ತೆರೆದ ಸ್ಯಾನ್ ಡಿಯಾಗೋದ ಕೊರೊನಾಡೋ ಸೇತುವೆಗೆ ನೀಲಿ ಬಣ್ಣ. ಹಿಂದೆ ನೀಲಿ ಆಕಾಶ, ಕೆಳಗೆ ನೀಲಿ ನೀರು. ಆಕಾಶ ತೆಗೆಯಲು ಹೋಗಿ ಟಾಲರೆನ್ಸ್ ಏರಿಸಿದರೆ ಸೇತುವೆಯೂ ತುಂಡು ತುಂಡಾಗಿ ಮಾಯ. ಲಾಸ್ ಏಂಜಲಿಸ್‌ನ ಗ್ರಿಫಿತ್ ಅಬ್ಸರ್ವೇಟರಿಯ ಕಥೆ ಇನ್ನೊಂದು ಥರ. 1935ರಲ್ಲಿ ತೆರೆದ ಆ ಕಟ್ಟಡದ ಗೋಡೆಗಳು ಬಿಳಿ. ನೀಲಿ ಆಕಾಶವಿದ್ದ ದಿನ ತೆಗೆದ ಫೋಟೋ ಸಲೀಸು. ಜೂನ್ ತಿಂಗಳಲ್ಲಿ ಸಮುದ್ರದ ಕಡೆಯಿಂದ ಬೂದು ಮೋಡ ಕವಿದ ಬೆಳಗ್ಗೆ ತೆಗೆದಿರೋ, ಗೋಡೆ ಎಲ್ಲಿ ಮುಗೀತು, ಮೋಡ ಎಲ್ಲಿ ಶುರುವಾಯ್ತು ಅನ್ನೋದು ವಾಂಡ್‌ಗೆ ಮಾತ್ರ ಅಲ್ಲ, ನಮಗೂ ಕಷ್ಟ. ಅಂಥ ಕಡೆ ಟಾಲರೆನ್ಸ್ ಜೊತೆ ಗುದ್ದಾಡೋದು ದಂಡ. ಲ್ಯಾಸೋ ಹಿಡಿದು ಕೈಯಿಂದಲೇ ಗೆರೆ ಎಳೆಯಿರಿ.

ಹಾಳೆಯ ಫೋಟೋ ವಿಷಯದಲ್ಲೂ ಅಷ್ಟೇ. ಬಗ್ಗಿ ಫೋಟೋ ತೆಗೆದಾಗ ನಿಮ್ಮ ತಲೆಯ ನೆರಳು ಬಿದ್ದು ಹಾಳೆಯ ಒಂದು ಭಾಗ ಬೂದು ಆಗಿರುತ್ತೆ. ನಮ್ಮ ಕಣ್ಣಿಗೆ ಇಡೀ ಹಾಳೆ ಬಿಳಿಯೇ, ಅಂಕಿಗಳಲ್ಲಿ ಅಲ್ಲ. ಸೆಟ್ಟಿಂಗ್ ಬದಲಿಸುವ ಮೊದಲು ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಇನ್ನೊಂದು ಫೋಟೋ ತೆಗೆಯಿರಿ. ಹತ್ತರಲ್ಲಿ ಎಂಟು ಸಲ ಅಷ್ಟೇ ಸಾಕು.

ಅಜ್ಜಿಯ ಮಲ್ಲಿಗೆ

‘ನಮ್ಮ ಅಜ್ಜಿ’ ಎಂಬ ಪ್ರಬಂಧದ ಜೊತೆ ಅಜ್ಜಿಯ ಫೋಟೋ ಕಳಿಸುವವರು ಇದನ್ನು ಗಮನಿಸಿ. ಊರಿನ ಮನೆಯ ಸುಣ್ಣದ ಗೋಡೆ ಬಿಳಿ, ಅಜ್ಜಿಯ ಕೂದಲು ಬಿಳಿ, ಮುಡಿದ ಮಲ್ಲಿಗೆಯೂ ಬಿಳಿ. ಗೋಡೆ ಮೇಲೆ ಕ್ಲಿಕ್ ಮಾಡಿ ಡಿಲೀಟ್ ಒತ್ತಿದರೆ ಗೋಡೆಯ ಜೊತೆಗೆ ಮಲ್ಲಿಗೆ ದಂಡೆ ಮತ್ತು ಅರ್ಧ ತಲೆಕೂದಲು ಹೋಗಿರುತ್ತೆ. ಈಗಿನ ಫೋಟೋಶಾಪ್‌ನಲ್ಲಿ ಮನುಷ್ಯರನ್ನು ತಾನೇ ಗುರುತಿಸುವ ‘ಸೆಲೆಕ್ಟ್ ಸಬ್ಜೆಕ್ಟ್’ ಇದೆ, ಫೋಟೋಗಳಿಗೆ ಮೊದಲು ಅದನ್ನೇ ಬಳಸಿ. ಆದರೂ ಹೂವು, ಸೆರಗಿನ ಅಂಚು, ಮೂಗುಬೊಟ್ಟು ಇವನ್ನು ದೊಡ್ಡದು ಮಾಡಿ ನೋಡಲೇಬೇಕು.

ಡಿಲೀಟ್ ಬದಲು ‘ಲೇಯರ್ ಮಾಸ್ಕ್’ ಹಾಕಿ. ಮಾಸ್ಕ್ ಅಳಿಸೋದಿಲ್ಲ, ಪರದೆ ಎಳೆದ ಹಾಗೆ ಮುಚ್ಚುತ್ತೆ ಅಷ್ಟೇ. ಮಾಸ್ಕ್ ಮೇಲೆ ಕಪ್ಪು ಬಳಿದರೆ ಚಿತ್ರ ಮರೆಯಾಗುತ್ತೆ, ಬಿಳಿ ಬಳಿದರೆ ವಾಪಸ್ ಬರುತ್ತೆ. ಮನೆಯಲ್ಲಿ ಒಂದೇ ಒಂದು ಪ್ರತಿ ಇರುವ ಮುತ್ತಜ್ಜನ ಹಳೇ ಫೋಟೋ ಆಗಿದ್ದರೆ ಅಪ್ಪ ಅಮ್ಮ ಮೊದಲು ಅದರ ನಕಲು ಮಾಡಿ, ನಕಲನ್ನು ಮಾತ್ರ ಮಕ್ಕಳ ಕೈಗೆ ಕೊಡಿ.

ಇರುವೆಗಳು ಮುನಿಸಿಕೊಂಡಾಗ

ಆಯ್ಕೆಯ ಸುತ್ತ ಓಡುವ ಚುಕ್ಕಿ ಗೆರೆಗೆ ‘ಇರುವೆ ಸಾಲು’ ಎಂಬ ಅರ್ಥದ ಹೆಸರಿದೆ. ಫೋಟೋಶಾಪ್ ಬಂದದ್ದು 1990ರಲ್ಲಿ, ಈ ಇರುವೆಗಳು ಅದಕ್ಕಿಂತ ಹಿರಿಯರು. 1984ರ ಮ್ಯಾಕ್‌ಪೇಂಟ್‌ನಲ್ಲಿ ಬಿಲ್ ಅಟ್ಕಿನ್ಸನ್ ಅವರು ಇವನ್ನು ಓಡಿಸಿದ್ದರು.

ಕೆಲವು ಸಲ ಬ್ರಷ್ ಎಷ್ಟು ಉಜ್ಜಿದರೂ ಬಣ್ಣವೇ ಬರೋದಿಲ್ಲ. ಕಂಪ್ಯೂಟರ್ ಕೆಟ್ಟಿಲ್ಲ. ಎಲ್ಲೋ ಮೂಲೆಯಲ್ಲಿ ಕಾಣದಷ್ಟು ಸಣ್ಣ ಆಯ್ಕೆ ಉಳಿದಿದೆ, ಇಲ್ಲವೇ ಕಂಟ್ರೋಲ್ ಜೊತೆ ಎಚ್ ಒತ್ತಿಹೋಗಿ ಇರುವೆಗಳು ಮರೆಯಾಗಿವೆ. ಆಯ್ಕೆ ಇರುವಾಗ ಅದರ ಹೊರಗೆ ಬಣ್ಣ ಹತ್ತೋದಿಲ್ಲ. ಕಂಟ್ರೋಲ್ ಜೊತೆ ಡಿ ಒತ್ತಿದರೆ ಆಯ್ಕೆ ರದ್ದು.

ಐವತ್ತು ಶೇಕಡಾಕ್ಕಿಂತ ಹೆಚ್ಚು ಆಯ್ಕೆಯಾದ ಪಿಕ್ಸೆಲ್ ಒಂದೂ ಇಲ್ಲ ಅಂತ ಎಚ್ಚರಿಕೆ ಬಂದರೆ ‘ಫೆದರ್’ ನೋಡಿ. ಅದು ಆಯ್ಕೆಯ ಅಂಚನ್ನು ಮೆತ್ತಗೆ ಮಾಡುವ ಸೆಟ್ಟಿಂಗ್. 20 ಪಿಕ್ಸೆಲ್ ಫೆದರ್ ಇಟ್ಟು ಕಡಲೆಕಾಳಿನಷ್ಟು ಆರಿಸಿದರೆ ಎಲ್ಲಾ ಅಂಚೇ, ತಿರುಳೇ ಇಲ್ಲ! ಇರುವೆಗಳು ಅರ್ಧಕ್ಕಿಂತ ಹೆಚ್ಚು ಆಯ್ಕೆಯಾದ ಜಾಗದ ಸುತ್ತ ಮಾತ್ರ ಓಡುತ್ತವೆ. ಅಕ್ಷರಗಳಿಗೆ ಫೆದರ್ 0 ಇರಲಿ. ‘ಆಂಟಿ ಅಲಿಯಾಸ್’ಗೆ ಮಾತ್ರ ಟಿಕ್ ಇರಲಿ, ನಮ್ಮ ಅಕ್ಷರಗಳೆಲ್ಲಾ ಗುಂಡು ಗುಂಡು, ಅದಿಲ್ಲದಿದ್ದರೆ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ.

ಈ ಸೆಟ್ಟಿಂಗ್‌ಗಳಿಗೆ ನೆನಪು ಜಾಸ್ತಿ. ನಿನ್ನೆ ಅಕ್ಕ ಅದೇ ಕಂಪ್ಯೂಟರಿನಲ್ಲಿ ಫೆದರ್ 20 ಇಟ್ಟಿದ್ದರೆ, ಅಥವಾ ಹೊಸದಾಗಿ ಆರಿಸುವ ಬದಲು ‘ಕಳೆಯುವ’ ಗುಂಡಿ ಒತ್ತಿ ಬಿಟ್ಟಿದ್ದರೆ, ಇವತ್ತು ತಮ್ಮನಿಗೂ ಅದೇ. ಏನೂ ತಿಳಿಯದಿದ್ದರೆ ಸೆಟ್ಟಿಂಗ್ ಸಾಲಿನ ಎಡತುದಿಯಲ್ಲಿರುವ ಟೂಲಿನ ಚಿತ್ರದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ರೀಸೆಟ್ ಟೂಲ್’ ಅನ್ನಿ. ಹೀಗೆ ಮಾಡಿದರೆ ಕಂಟಿಗ್ಯುಯಸ್ ಟಿಕ್ ಕೂಡ ಮರಳಿ ಬರುತ್ತೆ, ಒತ್ತು ಮತ್ತೆ ಹೋಗುತ್ತೆ! ಅದೊಂದನ್ನು ತೆಗೆಯಿರಿ.

ದುಡ್ಡು ಕೊಡದೆ ಮಾಡಬೇಕಾದರೆ

ತಿಂಗಳು ತಿಂಗಳು ದುಡ್ಡು ಕಟ್ಟಿ ಫೋಟೋಶಾಪ್ ತಗೊಳ್ಳಿ ಅಂತ ಯಾವ ಮನೆಗೂ ಹೇಳಲಾರೆವು. ‘ಗಿಂಪ್’ ಉಚಿತ. 1995ರಲ್ಲಿ ನಮ್ಮ ಕ್ಯಾಲಿಫೋರ್ನಿಯಾದ್ದೇ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್, ಶುರುಮಾಡಿದ್ದು. ಅದರಲ್ಲಿ ಕಂಟಿಗ್ಯುಯಸ್ ಚೌಕ ಹುಡುಕಬೇಡಿ. ತಾಗಿಕೊಂಡಿದ್ದನ್ನು ಆರಿಸಲು ‘ಫಜಿ ಸೆಲೆಕ್ಟ್’, ಎಲ್ಲೆಡೆ ಇರುವ ಅದೇ ಬಣ್ಣಕ್ಕೆ ‘ಸೆಲೆಕ್ಟ್ ಬೈ ಕಲರ್’ ಎಂದು ಎರಡು ಬೇರೆ ಟೂಲ್‌ಗಳಿವೆ. ನಮ್ಮ ಒತ್ತಕ್ಷರಕ್ಕೆ ಎರಡನೆಯದೇ ಬೇಕು. ಟಾಲರೆನ್ಸ್‌ಗೆ ಅಲ್ಲಿ ‘ಥ್ರೆಶೋಲ್ಡ್’ ಅಂತಾರೆ. ಸ್ಕೂಲಿನ ಕ್ರೋಮ್‌ಬುಕ್ ಮಾತ್ರ ಇರುವವರಿಗೆ ಬ್ರೌಸರಿನಲ್ಲೇ ನಡೆಯುವ ‘ಫೋಟೋಪಿಯಾ’ ಇದೆ. ಅದರ ಸೆಟ್ಟಿಂಗ್‌ಗಳು ಹೆಚ್ಚುಕಮ್ಮಿ ಫೋಟೋಶಾಪ್‌ನವೇ.

ಕತ್ತರಿಸಿದ ಅಕ್ಷರವನ್ನು ಪಿಎನ್‌ಜಿ ಆಗಿ ಉಳಿಸಿ. ಜೆಪೆಗ್‌ಗೆ ಪಾರದರ್ಶಕತೆ ಗೊತ್ತಿಲ್ಲ, ಕಷ್ಟಪಟ್ಟು ತೆಗೆದ ಬಿಳಿ ಮತ್ತೆ ಬಂದು ಕೂರುತ್ತೆ. ಬಾವುಟದ ಕೆಂಪಿನ ಮೇಲೆ ಅಕ್ಷರದ ಸುತ್ತ ತೆಳ್ಳಗೆ ಬಿಳಿ ಅಂಚು ಕಂಡರೆ, ‘ಸೆಲೆಕ್ಟ್’ ಮೆನುವಿನಲ್ಲಿ ‘ಮಾಡಿಫೈ’, ಅದರೊಳಗೆ ‘ಕಾಂಟ್ರ್ಯಾಕ್ಟ್’ ಹೋಗಿ ಆಯ್ಕೆಯನ್ನು 1 ಪಿಕ್ಸೆಲ್ ಒಳಗೆಳೆದು ಮತ್ತೆ ಕಾಪಿ ಮಾಡಿ. ಲಾಸ್ ಏಂಜಲಿಸ್‌ನಿಂದ ಸ್ಯಾನ್ ಡಿಯಾಗೋಗೆ ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ದಾರಿಯಲ್ಲಿ ಚಿತ್ರ ಕುಗ್ಗಿ ಅಂಚೆಲ್ಲಾ ಕಲಸಿಹೋಗುತ್ತೆ. ಜೊತೆಗೆ ಮೊದಲಿನ ಹಾಳೆಯ ಫೋಟೋವನ್ನೂ ಕಳಿಸಿದರೆ, ಪುಟ ಜೋಡಿಸುವವರು ಒತ್ತುಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ನೋಡಬಹುದು.