ನೀರಿನ ದಾರಿ ಹಿಡಿದು ಸಂಡೂರಿನಿಂದ ಕಂಪ್ಲಿಗೆ

ಹಂಪಿಗೆ ಹೋದವರು ಕಲ್ಲಿನ ರಥ ನೋಡುತ್ತಾರೆ, ವಿರೂಪಾಕ್ಷನಿಗೆ ಕಾಯಿ ಒಡೆಸುತ್ತಾರೆ, ಬರುತ್ತಾರೆ. ನಮ್ಮೂರಿನ ಐದು ಜನ ರೈತರು ಹೋದದ್ದು ಅಲ್ಲಿಯ ನೀರು ನೋಡಲಿಕ್ಕೆ. ಅದಕ್ಕೆ ಕಾರಣ ಇತ್ತು.

ನಮ್ಮದು ಕೂಡ್ಲಿಗಿ ತಾಲ್ಲೂಕು. ಕೆಂಪು ಮಸಾರಿ ನೆಲ. ಶೇಂಗಾ, ಜೋಳ, ಸಜ್ಜೆ, ತೊಗರಿ ಎಲ್ಲವೂ ಮಳೆ ನಂಬಿ. ಊರಿಗೊಂದು ಕೆರೆ ಇದೆ, ಹೆಸರಿಗೆ. ಅಂಗಳದ ತುಂಬ ಹೂಳು ಮತ್ತು ಜಾಲಿ. ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು ತಾಲ್ಲೂಕಿನ 74 ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ಊರಲ್ಲಿ ಎರಡು ಪಕ್ಷ ಆದವು. "ಪೈಪ್ ಬಂತಲ್ಲ, ಇನ್ನ ಹೂಳು, ಹಳ್ಳ ಅಂತ ಯಾಕೆ ತಲೆ ಕೆಡಿಸ್ಕೋಬೇಕು?" ಅಂತ ಒಂದು ಪಕ್ಷ. "ಮನೆಗಿಷ್ಟು ಅಂತ ಪಟ್ಟಿ ಎತ್ತಿ ಮೊದಲು ಕೆರೆಗೆ ನೀರು ತರೋ ಹಳೇ ಕಾಲುವೆ ಬಿಡಿಸೋಣ" ಅಂತ ಇನ್ನೊಂದು. ಮಾತು ಮುಗಿಯಲಿಲ್ಲ. ನದಿ ಹತ್ತಿರದವರು ನೀರನ್ನು ಹೇಗೆ ಇಟ್ಟುಕೊಂಡಿದ್ದಾರೆ, ನೋಡಿ ಬಂದು ಮಾತಾಡೋಣ ಅಂತ ಎರಡೂ ಪಕ್ಷದವರು ಸೇರಿ ಹೊರಟೆವು. ಎರಡು ದಿನದ ತಿರುಗಾಟ.

ಸಂಡೂರು: ನೀರು ಹುಟ್ಟುವ ಗುಡ್ಡ

ಮೊದಲು ಸಂಡೂರು. ಸುತ್ತ ಗುಡ್ಡ, ನಡುವೆ ಬಟ್ಟಲಿನಂತೆ ಊರು. ಇದು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು, 1949ರಲ್ಲಿ ಬಳ್ಳಾರಿ ಜಿಲ್ಲೆಗೆ ಸೇರಿತು. ನಾರಿಹಳ್ಳ ಈ ಗುಡ್ಡಗಳನ್ನು ಭೀಮಗಂಡಿ, ಉಬ್ಬಲಗಂಡಿ ಎಂಬ ಎರಡು ಕಡೆ ಸೀಳಿಕೊಂಡು ಹರಿಯುತ್ತದೆ. ಮಳೆಗಾಲದಲ್ಲಿ ಗುಡ್ಡವೆಲ್ಲ ಹಸಿರು. ನಮ್ಮ ಕಡೆ ಹನಿ ಬೀಳದ ದಿನವೂ ಇಲ್ಲಿ ಮೋಡ ಕೂತಿರುತ್ತದೆ.

ಆದರೆ ಅದಿರಿನ ಲಾರಿ ಓಡಾಡುವ ದಾರಿಯ ಪಕ್ಕದ ಗಿಡಗಳ ಬಣ್ಣವೇ ಬೇರೆ. ಎಲೆ ಮೇಲೆ ಕೆಂಪು ಧೂಳು ಬಳಿದ ಹಾಗೆ. 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿತ್ತು, ಆಮೇಲೆ ಮಿತಿ ಹಾಕಿ ಬಿಟ್ಟಿತು. ಹಳ್ಳದ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಹೇಳಿದರು: "ಮೊದಲ ಮಳಿಗೆ ನೀರು ಬರಂಗಿಲ್ಲಪ್ಪ, ಮಣ್ಣು ಬರ್ತೈತಿ." ಗುಡ್ಡ ಬೋಳಾದರೆ ಕೆಳಗಿನವರ ಕೆರೆಗೆ ಹೂಳು. ನಮ್ಮೂರ ಮೇಲಿನ ಗೋಮಾಳವೂ ಹೀಗೇ ಬೋಳಾಗಿದೆ. ಈ ಮಾತಿಗೆ ಎರಡು ಪಕ್ಷದವರೂ ತಲೆ ಹಾಕಿದರು.

ರಾಯರ ಕೆರೆ: ಏರಿ ಇದೆ, ನೀರಿಲ್ಲ

ಸಂಡೂರಿನಿಂದ ಹೊಸಪೇಟೆಗೆ ಬರುವಾಗ ಊರಿನ ದಕ್ಷಿಣಕ್ಕೆ ಎರಡು ಗುಡ್ಡದ ನಡುವೆ ರಾಯರ ಕೆರೆಯ ಏರಿ ಸಿಗುತ್ತದೆ. ಏರಿ ಅನ್ನುವುದಕ್ಕಿಂತ ಅದೊಂದು ಗುಡ್ಡವೇ. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್, ರಾಯನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಕೆಲಸ ಮಾಡುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕೆರೆ ಕೆಳಗೆ ರಾಯ ಕಟ್ಟಿಸಿದ ಹೊಸ ಊರೇ ನಾಗಲಾಪುರ, ಇಂದಿನ ಹೊಸಪೇಟೆ.

ಅಷ್ಟು ಜನ ಸೇರಿ ಹಾಕಿದ ಏರಿ ಇಂದಿಗೂ ಆನೆ ಹಾಗೆ ಕೂತಿದೆ. ಅಂಗಳದಲ್ಲಿ ಉಳುಮೆ ನಡೆಯುತ್ತದೆ. ಏರಿ ಗಟ್ಟಿ ಇದ್ದರೆ ಸಾಲದು, ನೀರು ಬರುವ ದಾರಿಯೂ ನೋಡಿಕೊಳ್ಳುವ ಜನವೂ ಇರಬೇಕು. ನಮ್ಮ ಕೆರೆಯದೂ ಇದೇ ಕತೆ, ಅಳತೆ ಮಾತ್ರ ಸಣ್ಣದು.

ಜಲಾಶಯ: ಐದರಲ್ಲಿ ಒಂದು ಪಾಲು ಹೂಳು

ಹೊಸಪೇಟೆಯಲ್ಲಿ ಒಗ್ಗರಣೆ-ಮಿರ್ಚಿ ತಿಂದು ಡ್ಯಾಮಿಗೆ ಹೋದೆವು. ಆಗಿನ ಕಾಲದಲ್ಲಿ ಈ ಹೊಳೆಯೇ ಗಡಿ. ಈ ದಂಡೆ ಮದ್ರಾಸು ಸರ್ಕಾರದ್ದು, ಆ ದಂಡೆ ನಿಜಾಮನ ಮೊಗಲಾಯಿ. ಅದಕ್ಕೇ 1945ರ ಫೆಬ್ರುವರಿ 28ರಂದು ಎರಡೂ ದಂಡೆಯಲ್ಲಿ ಬೇರೆ ಬೇರೆ ಅಡಿಗಲ್ಲು ಹಾಕಿದರು. 1953ರಲ್ಲಿ ನೀರು ನಿಂತಿತು. ಅದೇ ವರ್ಷ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಸೇರಿತು. 1956ರಲ್ಲಿ ಆ ದಂಡೆಯವರೂ ನಮ್ಮ ರಾಜ್ಯದವರಾದರು. ನೀರಿನ ಪಾಲು ಮಾತ್ರ ಇವತ್ತಿಗೂ ಕರ್ನಾಟಕ, ಆಂಧ್ರ, ತೆಲಂಗಾಣ ಮೂವರದ್ದು.

ಕಟ್ಟಿದಾಗ ಇದರ ಹೊಟ್ಟೆ ಸುಮಾರು 133 ಟಿಎಂಸಿ. 2016ರ ಅಳತೆಯಲ್ಲಿ ಉಳಿದದ್ದು ಸುಮಾರು 105.8. ಅಂದರೆ ಐದು ಚೀಲದಲ್ಲಿ ಒಂದು ಚೀಲ ಮಣ್ಣು. ಇದರ ಜೊತೆಗೆ 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿ ಹೋಯಿತು. ತಾತ್ಕಾಲಿಕ ಗೇಟು ಕೂರಿಸಲಿಕ್ಕೆ ಕೂಡಿಟ್ಟ ನೀರನ್ನೇ ಹೊಳೆಗೆ ಬಿಡಬೇಕಾಯಿತು. ಒಂದು ವಾರದೊಳಗೆ ಗೇಟು ಕೂತಿತು, ಆ ವರ್ಷದ ಮಳೆ ಕೈ ಹಿಡಿಯಿತು. ಇರುವ 33 ಗೇಟನ್ನೂ ಬದಲಿಸುವ ತೀರ್ಮಾನ ಆಮೇಲೆ ಆಯಿತು. 2025ರಲ್ಲಿ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸಲಿಲ್ಲ.

ನಮ್ಮ ಪೈಪಿನ ಬೇರು ಇರುವುದು ಇದೇ ಹೊಳೆಯಲ್ಲಿ. ಪಾಲು ಕೇಳುವವರು ಬಹಳ, ಹೊಟ್ಟೆ ವರ್ಷ ವರ್ಷ ಸಣ್ಣದಾಗುತ್ತಿದೆ. ಬರಗಾಲದಲ್ಲಿ ನಮ್ಮ ಕೆರೆಗೆ ಎಷ್ಟು ಬಂದೀತು? ಪೈಪಿನ ಪಕ್ಷದ ನಮ್ಮ ಗೆಳೆಯರು ಆಗ ಸುಮ್ಮನಾದರು.

ಹಂಪಿ: ಐನೂರು ವರ್ಷದ ಕಾಲುವೆ

ಮರುದಿನ ಬೆಳಿಗ್ಗೆ ಕಮಲಾಪುರ. ಇಲ್ಲಿಯ ಕೆರೆಯೂ ವಿಜಯನಗರದ ಕಾಲದ್ದೇ, ಆದರೆ ತುಂಬಿ ನಿಂತಿದೆ. ಕಾರಣ, ರಾಯ ಕಾಲುವೆಯ ನೀರು ಇದಕ್ಕೆ ಬರುತ್ತದೆ. "ನೋಡಣ್ಣ, ಹೊಳೆ ನೀರು ಬಂದದ್ದಕ್ಕೇ ಕೆರೆ ಉಳಿದದ್ದು" ಅಂತ ಪೈಪಿನ ಪಕ್ಷದವರು ಮತ್ತೆ ಮಾತು ತೆಗೆದರು. ಅದೂ ನಿಜವೇ. ವ್ಯತ್ಯಾಸ ಒಂದೇ. ಇಲ್ಲಿ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಬರುತ್ತದೆ. ನಮ್ಮ ಊರಿಗೆ ಪಂಪು ಹಚ್ಚಿ ಮೇಲೆತ್ತಬೇಕು. ಕರೆಂಟು ನಿಂತ ದಿನ ನೀರೂ ನಿಲ್ಲುತ್ತದೆ.

ಹಂಪಿಯ ಗುಡಿಗಳ ಸಾಲಿಗೂ ಅರಮನೆ ಜಾಗಕ್ಕೂ ನಡುವಿನ ತಗ್ಗಿನಲ್ಲಿ ತುರ್ತಾ ಕಾಲುವೆ ಹರಿಯುತ್ತದೆ. ಸುತ್ತ ಬೋಳು ಬಂಡೆ, ನಡುವೆ ಬಾಳೆ, ಕಬ್ಬು, ಭತ್ತ, ತೆಂಗು. ಹೊಳೆಗೆ ಅಡ್ಡಲಾಗಿ ಎತ್ತರದ ಕಟ್ಟೆಯಿಲ್ಲ, ಗೇಟಿನ ಸಾಲಿಲ್ಲ. ಹೊಳೆಯೊಳಗೆ ದೇವರು ಇಟ್ಟ ಬಂಡೆಗಳನ್ನೇ ಗೂಟ ಮಾಡಿಕೊಂಡು ನಡುವಿನ ಸಂದಿಗೆ ಕಲ್ಲು ಒಟ್ಟಿ ಅಣೆ ಮಾಡಿದ್ದಾರೆ. ಬೇಕಾದಷ್ಟು ನೀರು ಪಕ್ಕದ ಕಾಲುವೆಗೆ ತಿರುಗುತ್ತದೆ, ನೆರೆ ಬಂದರೆ ಅಣೆಯ ಮೇಲೇ ಹಾದು ಹೋಗುತ್ತದೆ. ಹೂಳೂ ಅದರ ಜೊತೆಗೇ ಹೋಗುತ್ತದೆ.

1565ರಲ್ಲಿ ಪಟ್ಟಣ ಹಾಳಾಯಿತು. ಕಲ್ಲಿನ ಕಂಬದ ಪೇಟೆಬೀದಿಗಳಲ್ಲಿ ಕೊಳ್ಳುವವರೂ ಮಾರುವವರೂ ಇಲ್ಲ. ಅರಮನೆ ಜಾಗದ ಕಲ್ಲಿನ ಮೇಲ್ಗಾಲುವೆ ಒಣಗಿ ನಿಂತಿದೆ. ರೈತರ ಕಾಲುವೆ ಮಾತ್ರ ಹರಿಯುತ್ತಲೇ ಇದೆ. ಬಾಳೆಗೆ ನೀರು ಕಟ್ಟುತ್ತಿದ್ದ ಹಿರಿಯರನ್ನು ಇದು ಹೇಗೆ ಉಳಿಯಿತು ಅಂತ ಕೇಳಿದೆ. "ಎಲ್ಲಿಯವ್ರಪ್ಪ ನೀವು?" ಅಂದರು. ಕೂಡ್ಲಿಗಿ ಕಡೆಯವರು ಅಂದೆ. "ರಾಜ ಹೋದರೂ ಹೊಟ್ಟಿ ಹೋಗಲಿಲ್ಲಪ್ಪ. ನಮ್ಮ ಹೊಲದ ಮುಂದಿನ ಕಸ ನಾವು ತೆಗೀದಿದ್ರೆ ಕೆಳಗಿನವ್ನು ಬಂದು ಜಗಳ ತೆಗೀತಾನ. ಆ ಜಗಳದಿಂದನೇ ಕಾಲುವಿ ಉಳಿದೈತಿ" ಅಂದರು. ಈಗ ಈ ಹಳೆಯ ಕಾಲುವೆಗಳಿಗೆ ಸರ್ಕಾರ ಕಾಂಕ್ರೀಟು ಹಾಕಿಸಿದೆ. ನೀರು ಬೇಗ ಬಾಲಕ್ಕೆ ಮುಟ್ಟುತ್ತದೆ, ಪಕ್ಕದ ಬಾವಿಗೆ ಇಂಗುವುದು ಕಡಿಮೆ ಅಂತ ಎರಡೂ ಮಾತು ಅವರಿಂದಲೇ ಕೇಳಿದೆ.

ಕಂಪ್ಲಿ: ಹೆಚ್ಚಾದ ನೀರಿನ ಕಷ್ಟ

ಹಂಪಿಯಿಂದ ಹೊಳೆ ಜೊತೆಗೇ ಕೆಳಗಿಳಿದರೆ ಕಂಪ್ಲಿ. ಕುಮಾರರಾಮನ ಊರು. ಕಂಪ್ಲಿ ಮತ್ತು ಸಂಡೂರು ಬಳ್ಳಾರಿ ಜಿಲ್ಲೆ. ಹೊಸಪೇಟೆ, ಹಂಪಿ 2021ರಿಂದ ವಿಜಯನಗರ ಜಿಲ್ಲೆ. ಹೊಳೆ ದಾಟಿದರೆ ಕೊಪ್ಪಳ ಜಿಲ್ಲೆ. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟ ದಿನ ಕಂಪ್ಲಿ-ಗಂಗಾವತಿ ಸೇತುವೆ ಮುಳುಗಿ ಓಡಾಟ ಬಂದ್.

ಕಣ್ಣು ಹಾಯುವಷ್ಟು ದೂರ ಭತ್ತ. ನಮ್ಮಂಥವರಿಗೆ ಹೊಟ್ಟೆಕಿಚ್ಚು ಆಗಬೇಕು. ಆದರೆ ತಗ್ಗಿನ ಕೆಲವು ಹೊಲಗಳಲ್ಲಿ ಬಿಳಿ ಪುಡಿ ಚೆಲ್ಲಿದ ಹಾಗೆ ಸವುಳು. ತುಂಗಭದ್ರಾ ಕಾಲುವೆಗಳನ್ನು ಯೋಚಿಸಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ತಲೆಯವರು ಭತ್ತ ಹಚ್ಚಿದರು, ಬಾಲದವರಿಗೆ ನೀರು ಮುಟ್ಟಲಿಲ್ಲ. ಮೇಲೆ ನೆಲ ಜೌಗು, ಕೆಳಗೆ ಹೊಲ ಒಣಗು. ಕಾಲುವೆ ಬಂದ ಹೊಸದರಲ್ಲಿ ಇಲ್ಲಿಯ ಎಷ್ಟೋ ಜನ ಅಗ್ಗಕ್ಕೆ ಭೂಮಿ ಮಾರಿದರು. ಆಂಧ್ರದ ಕರಾವಳಿಯಿಂದ ಬಂದು ಕೊಂಡವರ ಊರುಗಳು ಇಂದಿಗೂ 'ಕ್ಯಾಂಪ್' ಎಂಬ ಹೆಸರಲ್ಲೇ ಇವೆ. ನೀರು ಬರುತ್ತದೆ ಅಂದಾಗ ರೈತ ಮೊದಲು ಹಿಡಿದುಕೊಳ್ಳಬೇಕಾದ್ದು ಭೂಮಿಯನ್ನು.

ಊರಿಗೆ ಬಂದ ಮೇಲೆ

ನೋಡಿದ್ದನ್ನು ಬಸವಣ್ಣನ ಗುಡಿ ಕಟ್ಟೆ ಮೇಲೆ ಕೂತು ಹೇಳಿದೆವು. ಮೂರು ಮಾತು ತೀರ್ಮಾನವಾಯಿತು.

ಒಂದು, ಪೈಪಿನ ನೀರು ಬೇಡ ಅನ್ನುವುದಿಲ್ಲ. ಆದರೆ ಮಳೆ ನೀರು ತರುವ ಹಳ್ಳದ ಕಾಲುವೆಯನ್ನು ಬೇಸಿಗೆಯಲ್ಲಿ ಬಿಡಿಸುವುದು. ಮನೆಗೆ ಒಂದಾಳು, ಆಳು ಕೊಡಲಾಗದವರು ಒಂದು ದಿನದ ಕೂಲಿ.

ಎರಡು, ಕೆರೆಗೆ ನೀರು ಬಂದ ವರ್ಷ ಅಚ್ಚುಕಟ್ಟಿನಲ್ಲಿ ಭತ್ತ ಹಚ್ಚುವುದಿಲ್ಲ. ಇದಕ್ಕೆ ಎಲ್ಲರೂ ಇನ್ನೂ ಒಪ್ಪಿಲ್ಲ. ಇಬ್ಬರು ಎದ್ದು ಹೋದರು.

ಮೂರು, ತೆಗೆದ ಹೂಳನ್ನು ಮಾರುವಂತಿಲ್ಲ, ಊರಿನ ಹೊಲಗಳಿಗೇ ಹೋಗಬೇಕು.

ನಮ್ಮಂಥ ಮಸಾರಿ ನೆಲಕ್ಕೆ ಎಕರೆಗೆ ಎಷ್ಟು ಗಾಡಿ ಕೆರೆ ಹೂಳು ಹೊಡೆದರೆ ಶೇಂಗಾಕ್ಕೆ ಒಳ್ಳೆಯದು, ಎಷ್ಟು ವರ್ಷಕ್ಕೊಮ್ಮೆ ಹೊಡೆಯಬೇಕು? ಮಾಡಿ ನೋಡಿದ ಓದುಗ ರೈತರು ಪತ್ರಿಕೆಗೆ ಬರೆದು ತಿಳಿಸಿದರೆ ನಮಗೆ ಉಪಕಾರ. ಬೇಸಿಗೆಯ ಕೆಲಸ ಶುರುವಾಗುವ ಮೊದಲು ಬೇಕಾಗಿದೆ.