ಕರಿ ಬಾನೆಟ್ಟಿನ ಮೇಲಿನ ಸುಳಿಗೆರೆಗಳು

ಕಪ್ಪು ಕಾರು ಮನೆಗೆ ಬಂದು ಆರೇಳು ತಿಂಗಳಾದ ಮೇಲೆ ಅದನ್ನು ನಡುಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸಿ ನೋಡಬೇಕು. ಬಾನೆಟ್ಟಿನಲ್ಲಿ ಮಿನುಗುವ ಸೂರ್ಯನ ಬಿಂಬದ ಸುತ್ತ ಸಣ್ಣ ಸಣ್ಣ ಗೆರೆಗಳು ಸುಳಿಯಾಗಿ ಹಬ್ಬಿರುತ್ತವೆ. ಡಿಟೇಲಿಂಗ್ ಅಂಗಡಿಯವರು ಇದನ್ನು ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ಯಾರೋ ಬಟ್ಟೆಯನ್ನು ಸುತ್ತಿ ಸುತ್ತಿ ಉಜ್ಜಿದ್ದಕ್ಕೇ ಹೀಗಾಯಿತು ಎಂದು ಮಾಲೀಕರಿಗೆ ಅನ್ನಿಸುವುದು ಸಹಜ. ಆದರೆ ನೋಡುವವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸುಳಿಯೂ ಅವರ ಜೊತೆಗೇ ಸರಿಯುತ್ತದೆ. ಗೆರೆಗಳು ಬಾನೆಟ್ಟಿನ ತುಂಬ ಎಲ್ಲ ದಿಕ್ಕಿಗೂ ಇವೆ. ಬೆಳಕಿನ ಬಿಂಬಕ್ಕೆ ಅಡ್ಡಲಾಗಿ ಬಿದ್ದವು ಮಾತ್ರ ಬೆಳಕನ್ನು ನಮ್ಮ ಕಣ್ಣಿನತ್ತ ತಿರುಗಿಸುತ್ತವೆ, ಉಳಿದವು ಕಾಣದೆ ಅಡಗಿರುತ್ತವೆ. ಹಾಗಾಗಿ ನೇರ ಗೀರುಗಳೇ ಕಣ್ಣಿಗೆ ವೃತ್ತಗಳಾಗಿ ಕೂಡಿಕೊಳ್ಳುತ್ತವೆ.

ಇಷ್ಟೇ ಗೀರು ಬಿಳಿ ಕಾರಿನ ಮೇಲೂ ಇರುತ್ತದೆ, ಕಾಣುವುದಿಲ್ಲ. ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಎಲ್ಲ ಕಡೆಗೂ ಚೆಲ್ಲುವುದರಿಂದ ಗೀರಿನ ಕಿರುಮಿಂಚು ಅದರಲ್ಲಿ ಮುಳುಗಿಹೋಗುತ್ತದೆ. ಕಪ್ಪಿನಲ್ಲಿ ಹಾಗಲ್ಲ. ಮೇಲಿನ ಪಾರದರ್ಶಕ ಪದರ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 4 ಪಾಲನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಮಿಕ್ಕದ್ದು ಒಳಗಿಳಿದು ಕಾರ್ಬನ್ ಬ್ಲ್ಯಾಕ್ ಎಂಬ ನುಣ್ಣನೆಯ ಮಸಿಯಲ್ಲಿ ಕಳೆದುಹೋಗುತ್ತದೆ. ಆ 4 ಪಾಲೇ ಕಪ್ಪು ಕಾರಿನ ಇಡೀ ಚೆಲುವು. ಅದು ಚದುರಿತೆಂದರೆ ಕಪ್ಪು ಬೂದಿಯಾಗಿ ಕಾಣುತ್ತದೆ. ಮೆರುಗು ಎಂದರೆ ಮೇಲೆ ಹಚ್ಚುವ ವಸ್ತುವೆಂದು ನಾವು ತಿಳಿದಿದ್ದೇವೆ. ಅದು ಮೇಲ್ಮೈ ಸಮತಟ್ಟಾಗಿರುವ ಸ್ಥಿತಿ. ಆ ಸಮತಟ್ಟು ಬರುವುದು ತೆಗೆಯುವುದರಿಂದಲೇ.

ಕಾರು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಇದನ್ನು ಬಲ್ಲವರು ಜಪಾನಿನ ಅರಗುಗಾರರು. ಉರುಶಿ ಎಂಬ ಮರದ ಹಾಲಿಗೆ ಕಬ್ಬಿಣದ ಅಂಶ ಬೆರೆಸಿದರೆ ಅದು ಕಡುಗಪ್ಪಾಗುತ್ತದೆ. ಅದನ್ನು ತೆಳುವಾಗಿ ಪದರ ಪದರ ಬಳಿದು, ತೇವದ ಗೂಡಿನಲ್ಲಿ ಗಟ್ಟಿಯಾಗಲು ಬಿಟ್ಟು, ಆಮೇಲೆ ನುಣ್ಣನೆಯ ಇದ್ದಿಲಿನ ತುಂಡನ್ನು ನೀರಿನೊಂದಿಗೆ ಹಿಡಿದು ಉಜ್ಜುತ್ತಾರೆ. ಈ ಹಂತದಲ್ಲಿ ಹೊಳಪೆಲ್ಲ ಹೋಗಿ ಪಾತ್ರೆ ಮಂಕಾಗುತ್ತದೆ. ನಂತರ ಎಣ್ಣೆ ಬೆರೆಸಿದ ನುಣುಪುಡಿ, ಕೊನೆಗೆ ಜಿಂಕೆ ಕೊಂಬಿನ ಬೂದಿಯನ್ನು ಬೆರಳ ತುದಿಯಿಂದ, ಅಂಗೈಯಿಂದ ತಿಕ್ಕುತ್ತಾ ಹೋದರೆ ಕಪ್ಪು ಆಳವಾಗಿ ತೆರೆದುಕೊಳ್ಳುತ್ತದೆ. ರೋಯಿರೋ ಎಂದು ಕರೆಯುವ ಈ ವಿಧಾನದಲ್ಲಿ ಪ್ರತಿಯೊಂದು ಹೆಜ್ಜೆಯೂ ಹಿಂದಿನ ಹೆಜ್ಜೆಯ ಗೀರನ್ನು ಅದಕ್ಕಿಂತ ಸಣ್ಣ ಗೀರಿನಿಂದ ಅಳಿಸುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ಕೆಲಸ ಮುಗಿಯಿತು. ಇಂದು ಡಿಟೇಲಿಂಗ್ ಸ್ಟುಡಿಯೋದಲ್ಲಿ ಯಂತ್ರ ಹಿಡಿದವರು ಮಾಡುವುದೂ ಇದನ್ನೇ.

ಯುರೋಪಿನವರಿಗೆ ಆ ಮರ ಸಿಗಲಿಲ್ಲ, ಕಪ್ಪಿನ ಮೋಹ ಮಾತ್ರ ಹತ್ತಿತು. ಅಗಸೆ ಎಣ್ಣೆಗೆ ಡಾಂಬರಿನಂಥ ಖನಿಜ ಬೆರೆಸಿ ತಗಡಿನ ಮೇಲೆ ಬಳಿದು ಒಲೆಯಲ್ಲಿ ಬೇಯಿಸುವ ಅನುಕರಣೆ ಹುಟ್ಟಿಕೊಂಡಿತು. ವೇಲ್ಸ್‌ನ ಪಾಂಟಿಪೂಲ್ ಇದಕ್ಕೆ ಹೆಸರಾಯಿತು. ಅಚ್ಚಿನ ಮೊಳೆಗಳಿಂದ ಪ್ರಸಿದ್ಧನಾದ ಜಾನ್ ಬಾಸ್ಕರ್‌ವಿಲ್ ಬರ್ಮಿಂಗ್‌ಹ್ಯಾಮ್‌ನಲ್ಲಿ ಹಣ ಮಾಡಿದ್ದು ಇದೇ ಕರಿ ಅರಗಿನ ಸಾಮಾನುಗಳಿಂದ. ಹೊಲಿಗೆ ಯಂತ್ರ, ಸೈಕಲ್ಲುಗಳನ್ನು ದಾಟಿ ಆ ಕಪ್ಪು ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರಿಗೆ ಬಂತು. 1908ರಲ್ಲಿ ಹುಟ್ಟಿದಾಗ ಮಾಡೆಲ್ ಟಿಗೆ ಬೇರೆ ಬಣ್ಣಗಳಿದ್ದವು. 1914ರಿಂದ 1925ರವರೆಗೆ ಕಪ್ಪೊಂದೇ. ಆ ಬಣ್ಣ ಅಗ್ಗವಾಗಿತ್ತು, ಬಾಳಿಕೆ ಬರುತ್ತಿತ್ತು. ಒಂದೇ ಸಮನೆ ಓಡುವ ಜೋಡಣಾ ಸಾಲಿಗೆ ಹೊಂದುತ್ತಿತ್ತು. ಹೊಳಪು ಅಲ್ಲಿ ಯಾರ ಚಿಂತೆಯೂ ಆಗಿರಲಿಲ್ಲ.

ದುಬಾರಿ ಕಾರುಗಳ ಪಾಡು ಬೇರೆ. ಕುದುರೆ ಸಾರೋಟಿನ ಕಾಲದ ವಾರ್ನಿಷ್ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು, ಒಣಗುವಷ್ಟೂ ಹೊತ್ತು ಧೂಳು ಬೀಳದಂತೆ ಕಾಯಬೇಕಿತ್ತು. ಈ ಗಂಟು ಬಿಚ್ಚಿದ್ದು ಡುಪಾಂಟ್ ಕಂಪನಿಯ ಡ್ಯೂಕೊ. ಸಿಡಿಮದ್ದಿನ ಹತ್ತಿಯ ಬಂಧುವಾದ ನೈಟ್ರೊಸೆಲ್ಯುಲೋಸ್‌ನಿಂದ ಮಾಡಿದ ಈ ಲ್ಯಾಕರ್ ಮೊದಲು ಬಂದದ್ದು ಜನರಲ್ ಮೋಟರ್ಸ್‌ನ 1924ರ ಮಾದರಿಯ ಓಕ್‌ಲ್ಯಾಂಡ್ ಕಾರಿನ ಮೇಲೆ, ನೀಲಿ ಬಣ್ಣದಲ್ಲಿ. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ನಮ್ಮೂರುಗಳ ಬಡಗಿಗಳು ವಾರ್ಡ್‌ರೋಬಿಗೆ ಇವತ್ತಿಗೂ 'ಡ್ಯೂಕೊ ಮಾಡಿಸ್ತೀರಾ' ಎಂದು ಕೇಳುವುದು ಆ ಹೆಸರಿನಲ್ಲೇ. ಆದರೆ ಗನ್ನಿನಿಂದ ಸಿಂಪಡಿಸಿದ ಲ್ಯಾಕರ್ ತಾನಾಗಿ ಹೊಳೆಯುತ್ತಿರಲಿಲ್ಲ. ಒಣಗಿದ ಮೇಲೆ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಬೇಕಿತ್ತು. ಕಾರು ಪಾಲಿಶ್ ಎನ್ನುವ ಕಸುಬು ಕಾರ್ಖಾನೆಯೊಳಗೆ ಬೇರು ಬಿಟ್ಟದ್ದು ಹೀಗೆ.

ಈ ಕಥೆಯಲ್ಲಿ ನನಗೆ ಬಹಳ ಪ್ರಿಯವಾದದ್ದು ಒಂದು ಕಾಗದ. 1920ರಲ್ಲಿ ಅಮೆರಿಕದ ತ್ರೀ ಎಂ ಕಂಪನಿ ಮರಳು ಕಾಗದ ಮಾರುತ್ತಿದ್ದ ಸಾಧಾರಣ ಸಂಸ್ಥೆ. ಫಿಲಡೆಲ್ಫಿಯಾದಲ್ಲಿ ಮುದ್ರಣದ ಶಾಯಿ ತಯಾರಿಸುತ್ತಿದ್ದ ಫ್ರಾನ್ಸಿಸ್ ಓಕಿ, ನೀವು ಮರಳು ಕಾಗದಕ್ಕೆ ಬಳಸುವ ಖನಿಜದ ಹರಳುಗಳ ನಮೂನೆ ಕಳಿಸಿ ಎಂದು ಆ ಕಂಪನಿಗೆ ಬರೆದರು. ಶಾಯಿಯವರಿಗೆ ಇದೇಕೆ ಎಂಬ ಕುತೂಹಲ ಕಂಪನಿಯ ವಿಲಿಯಂ ಮೆಕ್‌ನೈಟ್‌ಗೆ ಹುಟ್ಟಿತು. ವಿಚಾರಿಸಿದರೆ, ಓಕಿ ನೀರಿನಲ್ಲಿ ನೆನೆಸಿ ಉಜ್ಜಬಹುದಾದ ಮರಳು ಕಾಗದವನ್ನು ಕಂಡುಹಿಡಿದಿದ್ದರು! ಕಂಪನಿ ಅದರ ಹಕ್ಕು ಕೊಂಡು, ಓಕಿಯವರನ್ನೂ ಕರೆಸಿಕೊಂಡು, 1921ರಲ್ಲಿ ಆ ಕಾಗದವನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಯವರೆಗೆ ಕಾರಿನ ಬಣ್ಣವನ್ನು ಒಣಗೊಣಗಾಗಿ ಉಜ್ಜುತ್ತಿದ್ದ ಕೆಲಸಗಾರರ ಎದೆಗೆ ಸೀಸ ಬೆರೆತ ಧೂಳು ಇಳಿಯುತ್ತಿತ್ತು. ನೀರು ಬಂದದ್ದರಿಂದ ಧೂಳು ಅಡಗಿತು, ಗೀರೂ ನಯವಾಯಿತು. ನಮ್ಮ ಟಿಂಕರಿಂಗ್ ಶೆಡ್ಡುಗಳಲ್ಲಿ ಪೇಂಟರ್ ಬಕೆಟ್ಟಿನ ನೀರಿನಲ್ಲಿ ಅದ್ದಿ ಅದ್ದಿ ಎಳೆಯುವ ವಾಟರ್ ಪೇಪರಿನ ಮೂಲಪುರುಷ ಅದೇ.

ಇತ್ತ ಮನೆಯಲ್ಲೇ ಉಜ್ಜುವವರಿಗಾಗಿ ಡಬ್ಬಿಗಳು ಬಂದವು. ಮೆಗ್ವಾಯರ್ಸ್ 1901ರಲ್ಲಿ ಇಂಡಿಯಾನಾ ರಾಜ್ಯದಲ್ಲಿ ಮರದ ಪೀಠೋಪಕರಣಗಳ ಪಾಲಿಶ್ ಆಗಿ ಶುರುವಾದದ್ದು. ಸಿಮೊನೈಜ್ 1910ರಲ್ಲಿ ಶಿಕಾಗೊದಲ್ಲಿ ಹುಟ್ಟಿತು. ಅದೇ ಊರಿನ ಬೆನ್ ಹರ್ಷ್ 1940ರ ದಶಕದಲ್ಲಿ ತಾವೇ ತಯಾರಿಸಿದ ಪಾಲಿಶ್ ಹಿಡಿದು ರಿಗ್ಲಿ ಫೀಲ್ಡ್ ಬೇಸ್‌ಬಾಲ್ ಮೈದಾನದ ಬಳಿ ನಿಂತ ಕಾರುಗಳ ಒಂದೇ ಒಂದು ಮಡ್‌ಗಾರ್ಡನ್ನು ತಿಕ್ಕಿ ಮಿಂಚಿಸಿ, ಆಟ ಮುಗಿಸಿ ಬರುವ ಮಾಲೀಕರಿಗಾಗಿ ಕಾಯುತ್ತಿದ್ದರಂತೆ. ಅವರ ಪಾಲಿಶ್ ಮುಂದೆ ಟರ್ಟಲ್ ವ್ಯಾಕ್ಸ್ ಆಯಿತು. ಆ ಕಾಲದ ಬಣ್ಣ ಬಿಸಿಲಿಗೆ ಬೆಂದು ಮೇಲೆ ಸುಣ್ಣದಂತೆ ಪುಡಿಗಟ್ಟುತ್ತಿತ್ತು. ಪಾಲಿಶ್ ಆ ಸತ್ತ ಪದರವನ್ನು ಎತ್ತುತ್ತಿತ್ತು. ಕಪ್ಪು ಕಾರು ಉಜ್ಜಿದರೆ ಬಟ್ಟೆಯೂ ಕಪ್ಪಾಗುತ್ತಿತ್ತು. ಬಣ್ಣ ಖರ್ಚಾಗುವುದು ಉಜ್ಜುವವರ ಕಣ್ಣಿಗೇ ಕಾಣುತ್ತಿತ್ತು.

1980ರ ದಶಕದಿಂದ ಆ ಸುಳಿವೂ ಮಾಯವಾಯಿತು. ಮೆಟಾಲಿಕ್ ಬಣ್ಣಗಳನ್ನು ಬಿಸಿಲಿನಿಂದ ಕಾಯಲು ಬಣ್ಣದ ಮೇಲೊಂದು ಪಾರದರ್ಶಕ ಕ್ಲಿಯರ್ ಕೋಟ್ ಹಾಕುವ ಪದ್ಧತಿ ಎಲ್ಲೆಡೆ ಹಬ್ಬಿತು. ಕಪ್ಪು ಹಿಂದೆಂದೂ ಇಲ್ಲದಷ್ಟು ಆಳವಾಯಿತು, ಬಣ್ಣ ಪುಡಿಗಟ್ಟುವುದು ನಿಂತಿತು. ಆದರೆ ಗೀರುಗಳು ಈಗ ಕಪ್ಪಿನ ಮೇಲೆ ತೇಲುವ ಗಾಜಿನಂಥ ಪದರದಲ್ಲಿ ಬೀಳತೊಡಗಿದವು. ಹಳೆಯ ಕೈಚಳಕ ಇಲ್ಲಿ ನಡೆಯಲಿಲ್ಲ. ಕುರಿ ಉಣ್ಣೆಯ ಪ್ಯಾಡ್ ಸಿಕ್ಕಿಸಿದ ಬಫಿಂಗ್ ಮೆಷೀನನ್ನು ಲ್ಯಾಕರಿನ ಮೇಲೆ ಓಡಿಸಿದಂತೆ ಇದರ ಮೇಲೆ ಓಡಿಸಿದರೆ ಹೊಳಪೇನೋ ಬರುತ್ತದೆ, ಜೊತೆಗೆ ಹೋಲೋಗ್ರಾಂ ಎಂಬ ಹೊಸ ಅಲೆಯಲೆ ಗೆರೆಗಳೂ ಬರುತ್ತವೆ. ಕಾಂಪೌಂಡಿನ ಎಣ್ಣೆ ಗೀರಿನ ಕೊರಕಲಿನಲ್ಲಿ ತುಂಬಿಕೊಂಡಿರುವುದರಿಂದ ಡೆಲಿವರಿಯ ದಿನ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಎರಡು ಮೂರು ಸಲ ತೊಳೆದ ಮೇಲೆ ಎಣ್ಣೆ ಹೋಗಿ ಗೀರು ಎದ್ದುಬರುತ್ತದೆ. ಇಂಥ ಪಾಲಿಶ್ ಮಾಡಿ ಹಣ ಪಡೆಯುವುದು ಗಿರಾಕಿಗೆ ಬಗೆಯುವ ಮೋಸ ಎಂದೇ ನಾನು ತಿಳಿಯುತ್ತೇನೆ. ಕೆಲಸ ಗೊತ್ತಿರುವವರು ಪಾಲಿಶ್ ಮುಗಿದ ಕೂಡಲೇ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರಿನಿಂದ ಎಣ್ಣೆಯನ್ನೆಲ್ಲ ಒರೆಸಿ, ಟಾರ್ಚ್ ಹಿಡಿದು ತೋರಿಸುತ್ತಾರೆ. ಹಾಗೆ ತೋರಿಸಿ ಎಂದು ಕೇಳುವ ಹಕ್ಕು ಗಿರಾಕಿಗಿದೆ.

ಪರಿಹಾರ ಕೂಡಿಬಂದದ್ದು ಬೇರೆ ಬೇರೆ ಕಡೆಯಿಂದ. ಜಪಾನಿನ ತಾದಾವೊ ಕೊದಾತೆ ಜೇಡಿಯಂತೆ ಮೆದುವಾದ, ಒಳಗೆ ನುಣ್ಣನೆಯ ಹರಳುಗಳಿರುವ ಒಂದು ಉಂಡೆಗೆ 1995ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಬಣ್ಣಕ್ಕೆ ಅಂಟಿದ ಬ್ರೇಕಿನ ಕಬ್ಬಿಣದ ಕಣ, ಮರದ ಅಂಟು, ಪಕ್ಕದ ಶೆಡ್ಡಿನಿಂದ ಹಾರಿಬಂದ ಸ್ಪ್ರೇ ಪೇಂಟು, ಇವನ್ನು ಸೋಪಿನ ನೀರಿನ ಮೇಲೆ ಜಾರುವ ಆ ಜೇಡಿ ಎತ್ತಿಕೊಳ್ಳುತ್ತದೆ. ಜಪಾನಿನ ತೊರೇ ಕಂಪನಿಯಲ್ಲಿ ಮಿಯೋಶಿ ಒಕಾಮೊಟೊ 1970ರ ಹೊತ್ತಿಗೆ ನೂತ ಅತಿಸೂಕ್ಷ್ಮ ಎಳೆಗಳ ಪೀಳಿಗೆಯಿಂದ ಮೈಕ್ರೋಫೈಬರ್ ಬಟ್ಟೆ ಬಂತು. ಯಂತ್ರ ಬಂದದ್ದು ಮರಗೆಲಸದಿಂದ. ಹಲಗೆ ನಯ ಮಾಡುವ ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರಿಗೆ ಸ್ಪಂಜಿನ ಪ್ಯಾಡ್ ಅಂಟಿಸಿ ಅಮೆರಿಕದ ಹವ್ಯಾಸಿಗಳು ಕಾರು ಉಜ್ಜಿದರು. ಅದರ ಪ್ಯಾಡ್ ತನ್ನ ಸುತ್ತ ತಿರುಗುತ್ತಲೇ ಓಲಾಡುವುದರಿಂದ ಒಂದೇ ಜಾಡಿನಲ್ಲಿ ಕೊರೆಯುವುದಿಲ್ಲ, ಒಂದೇ ಕಡೆ ಬಿಸಿಯೂ ಏರುವುದಿಲ್ಲ. 2010ರ ದಶಕದಲ್ಲಿ ಇಟಲಿಯ ರೂಪೆಸ್ ಕಂಪನಿ ಈ ಓಲಾಟವನ್ನು 15 ಮತ್ತು 21 ಮಿಲಿಮೀಟರಿಗೆ ಹಿಗ್ಗಿಸಿದ ಯಂತ್ರಗಳನ್ನು ತಂದ ಮೇಲೆ ಡಿಎ (ಡ್ಯುಯಲ್ ಆಕ್ಷನ್) ಎಂಬ ಈ ಬಗೆಯ ಪಾಲಿಷರ್ ಡಿಟೇಲಿಂಗ್ ಸ್ಟುಡಿಯೋಗಳ ಮುಖ್ಯ ಆಯುಧವಾಯಿತು.

ಈಗಿನ ಒಳ್ಳೆಯ ಕೆಲಸ ಮೆಷೀನು ಹಿಡಿಯುವುದಕ್ಕಿಂತ ಮೊದಲೇ ಶುರುವಾಗುತ್ತದೆ. ತೊಳೆದು, ಜೇಡಿ ಎಳೆದು, ರಬ್ಬರ್ ಅಂಚುಗಳಿಗೆ ಟೇಪು ಹಚ್ಚಿದ ಮೇಲೆ ಬಣ್ಣದ ದಪ್ಪ ಅಳೆಯುವ ಮೀಟರನ್ನು ಒಂದೊಂದು ಭಾಗಕ್ಕೂ ಒತ್ತಿ ನೋಡುತ್ತಾರೆ. ಕಾರ್ಖಾನೆಯ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಕ್ಲಿಯರ್ ಕೋಟ್ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಒಂದು ಬಾಗಿಲು ಮಾತ್ರ 250 ತೋರಿಸಿದರೆ ಅದಕ್ಕೆ ಎಂದೋ ರೀಪೇಂಟ್ ಆಗಿದೆ ಎಂದರ್ಥ. ಆಮೇಲೆ ಅಂಗೈಯಗಲದ ಎರಡು ಮೂರರಷ್ಟು ಜಾಗದಲ್ಲಿ ಪರೀಕ್ಷೆ. ಮೊದಲು ಅತಿ ಮೆದು ಪ್ಯಾಡು, ಅತಿ ನಯವಾದ ಪಾಲಿಶ್. ಅದರಲ್ಲಿ ಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟು. ಅಲ್ಯುಮಿನಾ ಹರಳುಗಳು ಗೀರಿನ ಎರಡೂ ದಡಗಳನ್ನು ಕೊರೆದು ಕೊರಕಲಿನ ತಳಕ್ಕೆ ತರುತ್ತವೆ. ಕಾರಿನ ಮೈಮೇಲಿನ ಏಣುಗಳಲ್ಲಿ, ಅಂಚುಗಳಲ್ಲಿ ಬಣ್ಣ ಇನ್ನೂ ತೆಳುವಾದ್ದರಿಂದ ಅಲ್ಲಿ ಕೈ ಹಗುರ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಬಲ್ಲವರು ಪೂರ್ತಿ ತೆಗೆಯಲು ಹೋಗುವುದಿಲ್ಲ, ದಡಗಳನ್ನು ನಯಗೊಳಿಸಿ ಬಿಡುತ್ತಾರೆ. ಬಿಸಿಲನ್ನು ತಡೆಯುವ ರಾಸಾಯನಿಕಗಳೂ ಇದೇ ಕ್ಲಿಯರ್ ಕೋಟಿನಲ್ಲಿವೆ. ಅದು ತೀರಿದರೆ ಮುಂದೆ ಉಳಿಯುವುದು ರೀಪೇಂಟ್ ಒಂದೇ.

ಪಾಲಿಶ್ ಆದ ಮೇಲೆ ಬ್ರೆಜಿಲಿನ ತಾಳೆ ಜಾತಿಯ ಮರದೆಲೆಗಳ ಮೇಲೆ ಕಟ್ಟುವ ಕಾರ್ನೌಬಾ ಮೇಣವನ್ನೋ ಸಿರಾಮಿಕ್ ಕೋಟಿಂಗನ್ನೋ ಹಚ್ಚುತ್ತಾರೆ. ಸಿರಾಮಿಕ್ ನೀರನ್ನು ಜಾರಿಸುತ್ತದೆ, ಕೊಳೆ ಅಂಟುವುದನ್ನು ತಗ್ಗಿಸುತ್ತದೆ. ಅದು ಗೀರೇ ಬೀಳದಂತೆ ಕಾಯುತ್ತದೆ ಎಂಬ ಮಾರಾಟದ ಮಾತನ್ನು ನಂಬಬೇಕಿಲ್ಲ. ಗೀರು ತಾನೇ ಮುಚ್ಚಿಕೊಳ್ಳುವ ಬಣ್ಣವನ್ನು ನಿಸಾನ್ 2005ರಲ್ಲೇ ತೋರಿಸಿತ್ತು. ಅದರ ಸ್ಥಿತಿಸ್ಥಾಪಕ ರಾಳ ಬೆಚ್ಚಗಾದರೆ ಸಣ್ಣ ಗೀರುಗಳು ಒಂದು ದಿನದಿಂದ ಒಂದು ವಾರದೊಳಗೆ ಕೂಡಿಕೊಳ್ಳುತ್ತಿದ್ದವು.

ನಮ್ಮಲ್ಲಿ ಗೀರು ಬೀಳುವುದು ಎಲ್ಲಿ? ಬಹುಪಾಲು ಮನೆಯ ಮುಂದೆಯೇ. ಬೆಂಗಳೂರು ನಿಂತಿರುವ ನೈಸ್ ಬಂಡೆಯಲ್ಲಿ ಸ್ಫಟಿಕಶಿಲೆ ಧಾರಾಳವಾಗಿದೆ, ಗಡಸುತನದ ಮಾಪನದಲ್ಲಿ ಅದಕ್ಕೆ 7ನೇ ಸ್ಥಾನ. ಕಟ್ಟಡ ಕಟ್ಟಲು ಬಂಡೆ ಪುಡಿ ಮಾಡಿ ತಯಾರಿಸುವ ಎಂ ಸ್ಯಾಂಡ್ ಹೊಳೆಯ ಮರಳಿನಂತೆ ಉರುಟಾಗಿರುವುದಿಲ್ಲ, ಅದರ ಕಣಗಳಿಗೆ ಚೂಪು ಮೂಲೆಗಳಿವೆ. ರಾತ್ರಿ ಈ ಧೂಳು ಬಾನೆಟ್ಟಿನ ಮೇಲೆ ಕೂರುತ್ತದೆ. ಬೆಳಗಿನ ಜಾವ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರು ಒರೆಸುವವರು ಒಂದು ಬಕೆಟ್ ನೀರು, ಒಂದು ಬಟ್ಟೆಯಲ್ಲಿ ಸಾಲು ಕಾರುಗಳನ್ನು ಮುಗಿಸಬೇಕು. ಮೂರನೆಯ ಕಾರಿಗೆ ಬರುವ ಹೊತ್ತಿಗೆ ಆ ಬಟ್ಟೆ ಮರಳು ಕಾಗದವೇ. ಇದು ಅವರ ತಪ್ಪಲ್ಲ. ನಾವು ಅವರಿಗೆ ಕೊಟ್ಟ ಹೊತ್ತು, ನೀರು, ಬಟ್ಟೆ ಅಷ್ಟೇ. ಕೊಳವೆಬಾವಿಯ ಗಡಸು ನೀರು ಬಿಸಿಲಲ್ಲಿ ಆರಿದರೆ ಸುಣ್ಣದ ಬಿಳಿ ಕಲೆಗಳನ್ನು ಬಿಟ್ಟುಹೋಗುತ್ತದೆ, ಕಪ್ಪಿನ ಮೇಲೆ ಅವೂ ಎದ್ದು ಕಾಣುತ್ತವೆ.

ಹೊಸ ಕಪ್ಪು ಕಾರು ಕೊಳ್ಳುವವರು ಶೋರೂಮಿನಲ್ಲಿ ಕಾರನ್ನು ಒಣ ಬಟ್ಟೆಯಿಂದ ಒರೆಸಬೇಡಿ, ಪಾಲಿಶ್ ಹಾಕಬೇಡಿ ಎಂದು ಮೊದಲೇ ಹೇಳಿಬಿಡಬೇಕು. ಮನೆಯಲ್ಲಿ ನೆರಳಲ್ಲಿ ನಿಲ್ಲಿಸಿ, ಮೊದಲು ನೀರು ಹಾಯಿಸಿ ಮರಳನ್ನು ಇಳಿಸಿ, ಎರಡು ಬಕೆಟ್ ಇಟ್ಟುಕೊಳ್ಳಬೇಕು. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ, ಒತ್ತದೆ. ನೀರಿಗೆ ಬರವಿದ್ದರೆ ಜಾಲಿಸಬೇಕಿಲ್ಲದ ರಿನ್ಸ್‌ಲೆಸ್ ವಾಷ್ ಒಂದು ಬಕೆಟ್ಟಿನಲ್ಲಿ ಮುಗಿಯುತ್ತದೆ, ಆದರೆ ಏಳೆಂಟು ಮೈಕ್ರೋಫೈಬರ್ ಬಟ್ಟೆ ಬೇಕು. ಒರೆಸುವವರಿಗೆ ನಿಮ್ಮ ಕಾರಿಗೆಂದೇ ಬೇರೆ ಬಟ್ಟೆಗಳನ್ನು ಕೊಡಿ, ನಿತ್ಯ ಬೇಡ, ವಾರಕ್ಕೊಮ್ಮೆ ಸಾಕು ಎಂದು ಹೇಳಿ, ಸಂಬಳ ಮಾತ್ರ ಅಷ್ಟೇ ಕೊಡಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯುವವರೆಗೆ ಚಕ್ರ ಒರೆಸಲು ಇಟ್ಟುಕೊಳ್ಳಬಹುದು, ಬಾನೆಟ್ಟಿಗೆ ತಾಗಿಸಬಾರದು.